ಮಗಳ ಸೈಕಲ್ಲಿಗೆ ಹೊಟ್ಟೆಯೊಳಗಿನ ಗೇರು

ಸೋದರಿಯರೇ, ಅಳತೆಯ ಕುಪ್ಪಸ ಒಯ್ಯದೆ ನೀವು ದರ್ಜಿಯ ಹತ್ತಿರ ಹೋಗುತ್ತೀರಾ? ಹೋಗುವುದಿಲ್ಲ. ನಾನೂ ಹೋಗುವವಳಲ್ಲ. ಹೇಳಿ ಕೇಳಿ ನಮ್ಮೂರು ಗುಳೇದಗುಡ್ಡ. ಇಳಕಲ್ ಸೀರೆಯ ಮೇಲೆ ತೊಡುವ ಖಣ ನೇಯುವ ಊರು. ಮದುವೆಯಾಗಿ ಬಂದಾಗಿನಿಂದ ಪಡಸಾಲೆಯ ಕುಣಿಮಗ್ಗದ ಸಪ್ಪಳ ಕೇಳುತ್ತ, ಖಣ ಅಳೆದು ಮಡಚುತ್ತ ತಲೆ ಹಣ್ಣಾಗಿದೆ. ಅಂಥ ನಾನು ಅಳತೆಯನ್ನೇ ಕೇಳದೆ 18 ಸಾವಿರ ರೂಪಾಯಿ ಕೊಟ್ಟು ಒಂದು ಸಾಮಾನು ತರಿಸಿದೆ. ಅದೂ ಮನೆಯವರಿಗೆ ಹೇಳದೆ. ಆ ಕಥೆಯನ್ನು ನಿಮ್ಮ ಮುಂದೆ ಹೇಳಿಕೊಂಡರೆ ಮನಸ್ಸಿನ ಭಾರವೂ ಇಳಿದೀತು, ನಿಮ್ಮ ಮನೆಯಲ್ಲಿ ಸೈಕಲ್ ಹುಚ್ಚಿನ ಮಕ್ಕಳಿದ್ದರೆ ಪ್ರಯೋಜನವೂ ಆದೀತು ಎಂದು ಬರೆಯುತ್ತಿದ್ದೇನೆ.

ನಮ್ಮ ಕಡೆ ಸೈಕಲ್ ಓಟ ಹೊಸದಲ್ಲ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಿಂದ ಎಷ್ಟೋ ಹುಡುಗರು, ಹುಡುಗಿಯರು ದೇಶದ ಮಟ್ಟದಲ್ಲಿ ಪದಕ ತಂದಿದ್ದಾರೆ. ವಿಜಯಪುರದಲ್ಲಿ ಸೈಕ್ಲಿಂಗ್ ಕಲಿಯುವ ಮಕ್ಕಳಿಗೆ ಸರಕಾರದ ಕ್ರೀಡಾ ಹಾಸ್ಟೆಲ್ ಇದೆ. ಹತ್ತಿರದ ಗದಗಿನಲ್ಲಿ ಗುಡ್ಡದ ಸೈಕಲ್ಲುಗಳ ರಾಷ್ಟ್ರಮಟ್ಟದ ಸ್ಪರ್ಧೆಯೇ ನಡೆದಿದೆ. ನನ್ನ ಮಗಳಿಗೂ ಈ ಗುಡ್ಡದ ಸೈಕಲ್ಲಿನ ಗಾಳಿ ಬಡಿದದ್ದು ಹೈಸ್ಕೂಲಿನಲ್ಲಿ. ಈಗ ಕಾಲೇಜು. ಮೂರು ವರ್ಷದ ಹಿಂದೆ ಪುಣೆಯಲ್ಲಿರುವ ನನ್ನ ಅಣ್ಣನ ಮಗ ತಾನು ಬಳಸಿ ಬಿಟ್ಟ ಸೈಕಲ್ಲನ್ನು ಇವಳಿಗೆ ಕೊಟ್ಟ. ಮುಂದೂ ಸ್ಪ್ರಿಂಗ್, ಹಿಂದೂ ಸ್ಪ್ರಿಂಗ್. ಹಿಂದಿನ ಗಾಲಿ ಫ್ರೇಮಿಗೆ ಗಟ್ಟಿಯಾಗಿ ಕೂಡಿರುವುದಿಲ್ಲ; ಒಂದು ಕೀಲಿನ ಮೇಲೆ ತೊಟ್ಟಿಲ ಹಾಗೆ ಮೇಲೆ ಕೆಳಗೆ ತೂಗುತ್ತದೆ. ನಡುವೆ ಗಾಳಿ ತುಂಬಿದ ಶಾಕ್ ಒಂದು ಇರುತ್ತದೆ. ಗಾಲಿ ಕಲ್ಲಿನ ಮೇಲೆ ಜಿಗಿದರೂ ಕೂತವಳ ಬೆನ್ನಿಗೆ ಪೆಟ್ಟಿಲ್ಲ. ನಮ್ಮ ಗುಡ್ಡದ ಕೆಂಪು ಮರಳುಗಲ್ಲಿನ ಹಾದಿಗೆ ಹೇಳಿ ಮಾಡಿಸಿದ್ದು.

ಆದರೆ ಅದಕ್ಕೊಂದು ರೋಗವಿತ್ತು. ಪೆಡಲಿನ ಹತ್ತಿರ ಮೂರು ಹಲ್ಲುಚಕ್ರ, ದೊಡ್ಡದು, ನಡುವಿನದು, ಸಣ್ಣದು. ಏರು ಬಂದಾಗ ಚೈನನ್ನು ಸಣ್ಣದಕ್ಕೆ ಇಳಿಸಬೇಕು. ಇಳಿಸುವುದು ಒಂದು ಚಿಮಟಿಗೆಯಂಥ ಪಟ್ಟಿ, ಅದು ಚೈನನ್ನು ಪಕ್ಕದಿಂದ ನೂಕುತ್ತದೆ. ಕಾಲು ಹಗುರಾಗಿ ತುಳಿಯುತ್ತಿದ್ದರೆ ಸರಿ. ಕಲ್ಲೇರಿನಲ್ಲಿ ಜೀವ ಹಿಡಿದು ತುಳಿಯುವಾಗ ನೂಕಿದರೆ ಚೈನು ಹಲ್ಲು ಬಿಟ್ಟು ಒಳಗೆ ಬೀಳುತ್ತದೆ. ಜೊತೆಗೆ ಹಿಂದಿನ ಗಾಲಿ ತೂಗುವುದರಿಂದ ಚೈನು ಒಮ್ಮೆ ಜಗ್ಗಿ ಒಮ್ಮೆ ಸಡಿಲಾಗಿ ಕುಣಿಯುತ್ತಲೇ ಇರುತ್ತದೆ. ಹೋದ ವರ್ಷ ಕೋಟೆಕಲ್ಲಿನ ಕಡೆಯ ಒಂದು ಏರಿನಲ್ಲಿ ಹೀಗೆಯೇ ಚೈನು ಬಿದ್ದು ಚಕ್ರಕ್ಕೂ ಫ್ರೇಮಿಗೂ ನಡುವೆ ಸಿಕ್ಕಿಕೊಂಡಿತು, ಪೆಡಲು ಕಚ್ಚಿ ನಿಂತಿತು, ಮಗಳು ಕಲ್ಲಿನ ಮೇಲೆ ಬಿದ್ದಳು. ಮೊಣಕಾಲಿನ ಕೆಳಗೆ ನಾಲ್ಕು ಹೊಲಿಗೆ.

ಇವರು ಆ ದಿನ ಮಗ್ಗದಿಂದ ಎದ್ದು ಬಂದು ಕಾಲು ನೋಡಿದರು. ಬಹಳ ಮಾತಾಡುವವರಲ್ಲ. "ಸಾಕಿನ್ನ. ಇನ್ನೊಮ್ಮಿ ಬಿದ್ದಳಂದ್ರ ಸೈಕಲ್ ಮಾರಿಬಿಡೂದು, ಅಷ್ಟ" ಎಂದರು. ಅದೇ ತಿಂಗಳು ಅವಳನ್ನು ನೋಡಲು ಬರುತ್ತೇವೆಂದು ಒಂದು ಮನೆಯವರು ಹೇಳಿ ಕಳಿಸಿದ್ದರು. ಕುಂಟುತ್ತ ಚಹಾ ಒಯ್ಯುವ ಮಗಳನ್ನು ನೆನೆಸಿಕೊಂಡು ನನಗೂ ಇವರ ಮಾತು ಸರಿಯೆನಿಸಿತ್ತು. ರಾತ್ರಿ ಕಾಲಿಗೆ ಎಣ್ಣೆ ಸವರುವಾಗ ಮಗಳು ಹೇಳಿದಳು:

"ಯವ್ವಾ, ನಾ ಬಿದ್ದಿಲ್ಲ. ಚೈನ್ ನನ್ನ ಬೀಳಿಸ್ತು."

ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ನಾನೂ ಏಳನೆಯ ಇಯತ್ತೆವರೆಗೆ ಸೈಕಲ್ ಹೊಡೆದವಳು, ನಮ್ಮಪ್ಪನ ದೊಡ್ಡ ಸೈಕಲ್ಲಿನ ಒಳಗಾಲು ಹಾಕಿ. ಆಮೇಲೆ ಬಿಡಿಸಿದರು. ಏಕೆಂದು ನಿಮಗೆ ಹೇಳಬೇಕಾಗಿಲ್ಲ.

ಪುಣೆಗೆ ಫೋನು ಮಾಡಿದೆ. ಅಣ್ಣನ ಮಗ ಹೇಳಿದ: "ಅತ್ತಿ, ಮುಂದಿನ ಮೂರು ಚಕ್ರ ತಗದ ಒಗದು ಒಂದ ಚಕ್ರ ಹಾಕೂ ಸಾಮಾನ ಐತಿ. ಗೇರೆಲ್ಲಾ ಕ್ರ್ಯಾಂಕಿನ ಹೊಟ್ಟ್ಯಾಗ ಇರ್ತಾವು. ಚೈನ್ ಒಂದ ಜಾಗಾ ಬಿಟ್ಟು ಸರಿಯೂದ ಇಲ್ಲ." ಹೆಸರು ಹ್ಯಾಮರ್‌ಸ್ಮಿಟ್. ಅಮೆರಿಕದ ಸ್ರ್ಯಾಮ್ ಕಂಪನಿಯವರು ತಮ್ಮ ಟ್ರುವಾಟಿವ್ ಹೆಸರಿನಲ್ಲಿ 2008ರಲ್ಲಿ ತೋರಿಸಿದ್ದಂತೆ. ಈಗ ಅದನ್ನು ಮಾಡುವುದನ್ನು ನಿಲ್ಲಿಸಿದ್ದಾರೆ. ಪುಣೆಯಲ್ಲಿ ಯಾರೋ ಒಬ್ಬರು ಹೆಚ್ಚು ಬಳಸದ ಒಂದನ್ನು ಮಾರುವವರಿದ್ದರು, ಮಾರನೆಯ ದಿನವೇ ಹೇಳಬೇಕು, ಇನ್ನಿಬ್ಬರು ಕೇಳುತ್ತಿದ್ದಾರೆ. ನನ್ನ ಭಿಶಿಯ ದುಡ್ಡು ಆಗಷ್ಟೇ ಕೈಗೆ ಬಂದಿತ್ತು. ಓಣಿಯ ಹೆಂಗಸರು ತಿಂಗಳಿಗಿಷ್ಟು ಎಂದು ಕೂಡಿಸಿ ಸರದಿಯಂತೆ ಎತ್ತುವ ಹಣ. ಮಗಳ ಬಿಲ್ವಾರಕ್ಕೆಂದು ಇಟ್ಟದ್ದು. ಎರಡನೆಯ ಮಾತಿಲ್ಲದೆ ಅದನ್ನೇ ಕಳಿಸಿಬಿಟ್ಟೆ. ಸೈಕಲ್ಲಿನ ಫ್ರೇಮು ಯಾವುದು, ಅದಕ್ಕೆ ಇದು ಕೂಡುತ್ತದೆಯೇ ಎಂದು ನಾನು ಕೇಳಲಿಲ್ಲ. ತನ್ನದೇ ಹಳೆಯ ಸೈಕಲ್ಲಾದರೂ ಹುಡುಗನೂ ನೆನಪಿಸಿಕೊಳ್ಳಲಿಲ್ಲ. ತಪ್ಪು ಅವನಿಗಿಂತ ನನ್ನದು ಹೆಚ್ಚು. ಅಳತೆಯ ಮನೆಯಲ್ಲಿ ಬಾಳುವೆ ಮಾಡಿದವಳು ನಾನು.

ಪೆಟ್ಟಿಗೆ ಬಂತು. ಒಂದೂವರೆ ಕಿಲೋಕ್ಕಿಂತ ಹೆಚ್ಚಿನ ತೂಕ. ಖಣದ ಗಂಟುಗಳ ಹಿಂದೆ ಬಚ್ಚಿಟ್ಟೆ. ಸಂತೆಯ ದಿನ ಮಗಳ ಜೊತೆ ಸೈಕಲ್ಲನ್ನೂ ಪೆಟ್ಟಿಗೆಯನ್ನೂ ಹಿಡಿದು ಮಿಸ್ತ್ರಿ ಕಾಕಾನ ಅಂಗಡಿಗೆ ಹೋದೆ. ನಲವತ್ತು ವರ್ಷದಿಂದ ಪಂಕ್ಚರ್ ತೆಗೆಯುತ್ತ ಬಂದ ಮುದುಕ. ಪೆಟ್ಟಿಗೆ ಬಿಚ್ಚಿ, ಡಬ್ಬಿಯಂಥ ಆ ಸಾಮಾನನ್ನು ತಿರುಗಿಸಿ ನೋಡಿ ನಕ್ಕ. "ಇದು ಹೊಸಾದೇನಲ್ಲ ಬಿಡ್ರಿ ಅಕ್ಕಾರ. ನಾ ಸಣ್ಣಾವಿದ್ದಾಗ ಡಾಕ್ಟರ್ ಸಾಹೇಬರ ರ್‍ಯಾಲಿ ಸೈಕಲ್ಲಿಗೆ ಹಿಂದಿನ ಗಾಲಿ ಹೊಟ್ಟ್ಯಾಗ ಇಂಥಾದ್ದ ಇತ್ತು, ಮೂರು ಗೇರಿಂದು." ಅವನ ಮಾತು ನಿಜ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಸ್ಟರ್ಮಿ ಆರ್ಚರ್ ಕಂಪನಿ ಆ ಮೂರು ಗೇರಿನ ಗಾಲಿ ಮಾಡತೊಡಗಿ ನೂರಿಪ್ಪತ್ತು ವರ್ಷ ದಾಟಿದೆ. ಇಲ್ಲಿ ಅದೇ ಉಪಾಯವನ್ನು ಗಾಲಿಯಿಂದ ತೆಗೆದು ಪೆಡಲಿನ ಬುಡಕ್ಕೆ ತಂದಿದ್ದಾರೆ.

ಆಮೇಲೆ ಸೈಕಲ್ಲನ್ನು ಮಗುಚಿ ಹಾಕಿ ಪೆಡಲಿನ ಬುಡದ ಕೊಳವೆಯನ್ನು ಬೆರಳಿಂದ ಸವರಿ ನೋಡಿದ. ನಗು ನಿಂತಿತು.

"ಅಕ್ಕಾರ, ಇದಕ್ಕ ಕಿವಿನ ಇಲ್ಲಲ್ರಿ."

ಕಿವಿ ಎಂದರೇನು ಎನ್ನುತ್ತೀರಾ? ಅದನ್ನು ತಿಳಿಯಲು ನೀವು ಅಡಿಗೆ ಮನೆಗೆ ಹೋಗಬೇಕು. ಚಪಾತಿಯ ಲಟ್ಟಣಿಗೆಯನ್ನು ಕಟ್ಟೆಯ ಮೇಲಿಡಿ. ಅದರ ಮೇಲೆ ಒಂದು ಉದ್ದನೆಯ ಹಲಗೆಯನ್ನೋ ದಪ್ಪ ಪುಸ್ತಕವನ್ನೋ ಇಡಿ. ಈಗ ಲಟ್ಟಣಿಗೆಯನ್ನು ಎರಡೂ ತುದಿ ಹಿಡಿದು ಮುಂದಕ್ಕೆ ಉರುಳಿಸಿ. ಲಟ್ಟಣಿಗೆ ಒಂದು ಗೇಣು ಸರಿದರೆ ಮೇಲಿನ ಹಲಗೆ ಎರಡು ಗೇಣು ಸರಿಯುತ್ತದೆ! ಮಗಳು ಇದನ್ನು ತೋರಿಸಿದಾಗ ನಾನು ನಂಬದೆ ನಾಲ್ಕು ಸಲ ಮಾಡಿ ನೋಡಿದೆ. ಆ ಡಬ್ಬಿಯ ಒಳಗೂ ಇದೇ ಆಟ, ದುಂಡಗೆ ಮಾಡಿಟ್ಟದ್ದು. ನಟ್ಟನಡುವೆ ಒಂದು ಹಲ್ಲುಗಾಲಿ, ಅದು ನಮ್ಮ ಕಟ್ಟೆ. ಅದರ ಸುತ್ತ ಓಡುವ ಸಣ್ಣ ಗಾಲಿಗಳು, ಅವು ಲಟ್ಟಣಿಗೆ. ಅವನ್ನು ಓಡಿಸುವುದು ಪೆಡಲಿನ ಕೋಲು. ಹೊರಗಿನ ಬಳೆಯಂಥ ಗಾಲಿಗೆ ಒಳಮುಖವಾಗಿ ಹಲ್ಲುಗಳು, ಅದು ಹಲಗೆ. ಅದಕ್ಕೇ ಚೈನಿನ ಚಕ್ರ ಕೂಡಿರುತ್ತದೆ. ಎಲ್ಲ ದುಂಡಗಿರುವುದರಿಂದ ಎರಡು ಪಟ್ಟು ಆಗುವುದಿಲ್ಲ, 1.6 ಪಟ್ಟು ಆಗುತ್ತದೆ. ಕಾಲು ಹತ್ತು ಸುತ್ತು ತಿರುಗಿದರೆ ಚೈನಿನ ಚಕ್ರ ಹದಿನಾರು. ನಡುವಿನ ಗಾಲಿಯ ಹಿಡಿತ ಬಿಟ್ಟರೆ ಹತ್ತಕ್ಕೆ ಹತ್ತೇ. ಹೊರಗಿನಿಂದ ನೋಡಿದರೆ 24 ಹಲ್ಲಿನ ಒಂದೇ ಸಣ್ಣ ಚಕ್ರ. ಬೇಕೆಂದಾಗ ಅದು 38 ಹಲ್ಲಿನದರ ಕೆಲಸ ಮಾಡುತ್ತದೆ. ತುಳಿಯುತ್ತಿರಲಿ, ಸುಮ್ಮನೆ ನಿಂತಿರಲಿ, ಹಿಡಿಕೆಯ ಗುಂಡಿ ಒತ್ತಿದರೆ ಗೇರು ಬದಲು.

ಈಗ ಇನ್ನೊಂದು ಸಲ ಉರುಳಿಸಿ ನೋಡಿ, ಆದರೆ ಕಟ್ಟೆಯ ಮೇಲೆ ಒಂದು ಜಾರುವ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲಿನ ಹಲಗೆಯನ್ನು ಮನೆಯವರೊಬ್ಬರು ಅಲುಗದಂತೆ ಹಿಡಿದುಕೊಳ್ಳಲಿ. ಲಟ್ಟಣಿಗೆಯನ್ನು ನೂಕಿದರೆ ಹಾಳೆ ಅದರ ಜೊತೆ ಮುಂದಕ್ಕೆ ಓಡುತ್ತದೆ, ಹಲಗೆ ಇದ್ದಲ್ಲೇ. ಸೈಕಲ್ಲಿನಲ್ಲೂ ಅಷ್ಟೇ. ಏರಿನಲ್ಲಿ ಚೈನು ಚಕ್ರವನ್ನು ಹಿಂದಕ್ಕೆ ಜಗ್ಗಿ ಹಿಡಿದಿರುತ್ತದೆ. ಆಗ ನಡುವಿನ ಗಾಲಿಯನ್ನು ಯಾರಾದರೂ ಗಟ್ಟಿಯಾಗಿ ಹಿಡಿಯದಿದ್ದರೆ ಅದೇ ಗಿರ್ರನೆ ತಿರುಗಿಬಿಡುತ್ತದೆ, ತುಳಿದ ಬಲ ಎಲ್ಲ ವ್ಯರ್ಥ. ಹಿಡಿಯುವುದು ಫ್ರೇಮು. ಅದಕ್ಕಾಗಿ ಪೆಡಲಿನ ಬುಡದ ಕೊಳವೆಯ ಸುತ್ತ, ಬಲಗಡೆ, ತೂತಿರುವ ಮೂರು ಕಿವಿಗಳು ಫ್ರೇಮಿನ ಜೊತೆಯೇ ಬೆಳೆದು ಬಂದಿರಬೇಕು. ಇಳಿಜಾರಿನ ಓಟಕ್ಕೆಂದು ಮಾಡುವ ಫ್ರೇಮುಗಳಲ್ಲಿ ಚೈನು ಕಾಯುವ ಪಟ್ಟಿ ಕೂರಿಸಲೆಂದು ಈ ಕಿವಿಗಳನ್ನು ಇಡುತ್ತಾರೆ. ಅದಕ್ಕೆ ಐಎಸ್‌ಸಿಜಿ ಎಂಬ ಅಳತೆಯ ಹೆಸರೂ ಇದೆ. ನನ್ನ ಮಗಳ ಸೈಕಲ್ಲಿಗೆ ಅವೇ ಇರಲಿಲ್ಲ.

ಅಂಗಡಿಯ ಹಲಗೆಯ ಮೇಲೆ ನಾನು ಕೂತೇಬಿಟ್ಟೆ. 18 ಸಾವಿರ. ಎರಡು ಬಿಲ್ವಾರದ ಆಸೆ. ಮಾರಿದವರಿಗೆ ಫೋನು ಮಾಡಿಸಿದರೆ, ಹಳೆಯ ಸಾಮಾನು ವಾಪಸು ಇಲ್ಲ ಎಂದರು. ಅವರದೇನೂ ತಪ್ಪಿಲ್ಲ ಬಿಡಿ.

ಆಮೇಲಿನ ಹದಿನೈದು ದಿನ ನಾವು ತಾಯಿ ಮಗಳು ಮಾಡದ ವಿಚಾರವಿಲ್ಲ. ಕೊಳವೆಯ ಕಪ್ಪಿನಡಿ ಸಿಕ್ಕಿಸುವ ಒಂದು ತಗಡಿನ ಕಿವಿ ಸಿಗುತ್ತದೆ ಎಂದು ತಿಳಿಯಿತು. ಆದರೆ ಅದು ಚೈನಿನ ಪಟ್ಟಿಯಂಥ ಹಗುರ ಸಾಮಾನಿಗೆ ಮಾತ್ರ. ಈ ಡಬ್ಬಿಯ ಬಲಕ್ಕೆ ಅದು ಪ್ಲಾಸ್ಟಿಕ್ ಹಾಳೆಯ ಹಾಗೆ ತಿರುಗಿಬಿಡುತ್ತದೆ. ಬಾಗಲಕೋಟೆಯ ಒಂದು ವರ್ಕ್‌ಶಾಪಿನವರು "ತರ್‍ರಿ, ಮೂರು ಕಿವಿ ವೆಲ್ಡ್ ಮಾಡಿ ಕೊಡ್ತೀವಿ, 500 ರೂಪಾಯಿ" ಎಂದರು. ನನಗೆ ಹೋದ ಜೀವ ಬಂದಂತಾಯಿತು. ಮಿಸ್ತ್ರಿ ಕಾಕಾ ತಡೆದ. "ಯವ್ವಾ, ಕಬ್ಬಣ ಇದ್ದಿದ್ರ ನಾನ ಹಚ್ಚಿಸಿಕೊಡ್ತಿದ್ದೆ. ಇದು ಅಲ್ಯೂಮಿನಿಯಂ. ಕಾರಖಾನ್ಯಾಗ ಇದಕ್ಕ ಭಟ್ಟಿ ಶಾಖ ಕೊಟ್ಟು ಗಟ್ಟಿ ಮಾಡಿರ್ತಾರ. ಇಲ್ಲಿ ಬೆಸಿಗಿ ಹಚ್ಚಿದ್ರ ಆ ಜಾಗಾ ಮೆತ್ತಗ ಆಗತೈತಿ. ಹುಡಿಗಿ ಇಳಕಲದಾಗ ಬರೂಮುಂದ ಅಲ್ಲೇ ಮುರೀತಂದ್ರ?" ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ನಿಮಗೂ ಯಾರಾದರೂ ಹೀಗೆ ಅಗ್ಗದ ಬೆಸುಗೆಯ ಆಸೆ ತೋರಿಸಿದರೆ ಆ ಮುದುಕನ ಮಾತು ನೆನಪಿರಲಿ.

ಇನ್ನೊಂದು ಜಾತಿಯ ಡಬ್ಬಿಯೂ ಇದೆ. ಸ್ವಿಟ್ಜರ್ಲೆಂಡಿನ ಫ್ಲೋರಿಯನ್ ಶ್ಲುಂಫ್ ಎಂಬವರು ಮಾಡಿದ್ದು. ಅದಕ್ಕೆ ಹಿಡಿಕೆಯಲ್ಲಿ ಗುಂಡಿಯೂ ಇಲ್ಲ, ತಂತಿಯೂ ಇಲ್ಲ. ಪೆಡಲಿನ ಅಚ್ಚಿನ ನಡುವೆ ಗುಬ್ಬಿಯಂಥದ್ದೊಂದಿರುತ್ತದೆ, ಹಿಮ್ಮಡಿಯಿಂದ ತಟ್ಟಿದರೆ ಗೇರು ಬದಲಾಗುತ್ತದೆ. ಒಂದು ನಮೂನೆ 1.65 ಪಟ್ಟು ಏರಿಸುತ್ತದೆ. ಗುಡ್ಡಕ್ಕೆಂದೇ ಇರುವ ಮೌಂಟನ್ ಡ್ರೈವ್ ಎಂಬುದು ಎರಡೂವರೆ ಪಟ್ಟು ಇಳಿಸಿ ಕಾಲು ಹಗುರ ಮಾಡುತ್ತದೆ. ಅದಕ್ಕೆ ಕಿವಿ ಬೇಡ. ಆದರೆ ಕೊಳವೆಯ ಎರಡೂ ಬಾಯಿಯ ಅಂಚನ್ನು ಬೇರೆಯೇ ಒಂದು ಸಾಧನದಿಂದ 45 ಡಿಗ್ರಿ ಓರೆಯಾಗಿ ಕಡೆಯಬೇಕು, ಆ ಓರೆಯನ್ನು ಅದು ಕಚ್ಚಿ ಹಿಡಿಯುತ್ತದೆ. ಇದ್ದ ಫ್ರೇಮಿಗೇ ಕತ್ತರಿ ಹಾಕಿದಂತೆ. ಜೊತೆಗೆ ಬೆಲೆ ಕೇಳಿ ಮಗಳು ತಾನೇ "ಬ್ಯಾಡ ಬಿಡಯವ್ವಾ" ಎಂದಳು.

ಇಷ್ಟರಲ್ಲಿ ಗುಟ್ಟು ರಟ್ಟಾಯಿತು. ಖಣ ಒಯ್ಯಲು ವ್ಯಾಪಾರಿಯ ಕಡೆಯ ಹುಡುಗ ಬಂದಿದ್ದ. ಇವರು ಗಂಟು ಎತ್ತಲು ಹೋಗಿ ಹಿಂದಿದ್ದ ಪೆಟ್ಟಿಗೆಯನ್ನು ಎಳೆದರು. ತೂಗಿ ನೋಡಿ, "ಇದೇನ ಇದು?" ಎಂದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಕೈ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಸುಟ್ಟಿತು. ಎಲ್ಲ ಹೇಳಿದೆ, ಭಿಶಿ, ಬಿಲ್ವಾರ, ಕಿವಿ, ಒಂದನ್ನೂ ಬಿಡದೆ.

ಬೈದಿದ್ದರೆ ಚೆನ್ನಾಗಿತ್ತು. ಎರಡು ದಿನ ಮಾತೇ ಇಲ್ಲ. ಮಗ್ಗದ ಸಪ್ಪಳ ಮಾತ್ರ, ಅದೂ ದಿನಕ್ಕಿಂತ ಜೋರು. ಮೂರನೆಯ ದಿನ ಊಟಕ್ಕೆ ಕೂತಾಗ ಕೇಳಿದರು: "ರೊಕ್ಕ ಹೋದದ್ದಕ್ಕ ನನಗ ಸಿಟ್ಟಿಲ್ಲ. ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಮಾರಿಬಿಡ್ತಿದ್ರಿ" ಎಂದೆ.

ಇವರು ತಾಟಿನ ಅಂಚನ್ನೇ ನೋಡುತ್ತ ಬಹಳ ಹೊತ್ತು ಕೂತರು. "ಹಂಗ ಮಾಡತಿದ್ನ್ಯಾ ಏನೋ" ಎಂದರು. ಸೋದರಿಯರೇ, ಇಷ್ಟು ವರ್ಷದ ಸಂಸಾರದಲ್ಲಿ ಈ ಮನುಷ್ಯ ತನ್ನ ಮೇಲೆ ತಾನೇ ಸಂಶಯಪಟ್ಟು ಆಡಿದ ಮಾತು ನಾನು ಕೇಳಿದ್ದು ಅದೊಂದೇ. ಆಮೇಲೆ ಮಗಳನ್ನು ಕರೆದು ಲಟ್ಟಣಿಗೆ ತರಿಸಿ ತಾವೂ ಉರುಳಿಸಿ ನೋಡಿದರು. "ಮೂರು ಕಿವಿ ಬೇಕಂದ್ರ ಕಿವಿ ಇದ್ದ ಫ್ರೇಮ್ ತರಸಬೇಕು. ಅಂಗಿಗಿ ಮೈ ಕೊರಿಯಾಕ ಬರೂದಿಲ್ಲ" ಎಂದು ಎದ್ದು ಹೋದರು.

ಪುಣೆಯ ಹುಡುಗನಿಗೂ ಮನಸ್ಸಿಗೆ ಹತ್ತಿತ್ತು. ಎರಡು ತಿಂಗಳು ಹುಡುಕಿ ಕಿವಿಯಿರುವ ಹಳೆಯ ಫ್ರೇಮೊಂದನ್ನು ದೊರಕಿಸಿದ. ಈ ಸಲ ಅಳತೆ ನಾನೇ ಕೇಳಿದೆ, ಚೀಟಿಯಲ್ಲಿ ಬರೆದುಕೊಂಡು. ಕೊಳವೆಯ ಅಗಲ 68 ಮಿಲಿಮೀಟರೋ 73ಓ? 73. ಒಳಗೆ ತಿರುಪಿನ ಮರೆ ಇದೆಯೋ, ಒತ್ತಿ ಕೂರಿಸುವ ನಮೂನೆಯೋ? ತಿರುಪಿನದು. ಹೊಸ ಕಾಲದ ಎಷ್ಟೋ ಫ್ರೇಮುಗಳಿಗೆ ಮರೆಯೇ ಇರುವುದಿಲ್ಲ, ಅವಕ್ಕೆ ಈ ಡಬ್ಬಿ ಕೂಡುವುದಿಲ್ಲ. ಕಿವಿಗಳು ಹಳೆಯ ಅಳತೆಯವೋ 05 ಎಂಬ ಹೊಸ ಅಳತೆಯವೋ? ಪೆಟ್ಟಿಗೆಯಲ್ಲಿದ್ದ ತಟ್ಟೆಗೆ ಯಾವುದು ಕೂಡುತ್ತದೆ? ಫೋಟೋ ಕಳಿಸು, ಪಕ್ಕದಲ್ಲಿ ಸ್ಕೇಲ್ ಇಟ್ಟು. ಹುಡುಗ ನಕ್ಕು, "ಅತ್ತಿ, ನೀವೀಗ ಮಿಸ್ತ್ರಿ ಆದ್ರಿ" ಎಂದ. ಪುಣೆಯ ಅಂಗಡಿಯಲ್ಲೇ ಕೊಳವೆಯ ಎರಡೂ ಬಾಯಿ, ಮೂರೂ ಕಿವಿಗಳ ಬಣ್ಣ ತೆಗೆಸಿ ಸಪಾಟು ಮಾಡಿಸಿ ಕಳಿಸಿದ. ಹಳೆಯ ಫ್ರೇಮು ಮಾರಿದ ಹಣ ಹೋಗಿ ಮೇಲೆ 6 ಸಾವಿರ ಬಿತ್ತು. ಅದನ್ನು ಇವರೇ ಕೊಟ್ಟರು, ಯಾವ ಮಾತೂ ಇಲ್ಲದೆ, ಖಣದ ಗಂಟಿನ ಮೇಲೆ ಇಟ್ಟು.

ಜೋಡಿಸಿದ್ದು ಬನಶಂಕರಿ ಜಾತ್ರೆ ಮುಗಿದ ಮೇಲಿನ ಒಂದು ಭಾನುವಾರ, ನಮ್ಮದೇ ಅಂಗಳದಲ್ಲಿ. ಮಿಸ್ತ್ರಿ ಕಾಕಾ ಪಾನಾಗಳ ಚೀಲ ಹಿಡಿದು ಬಂದ. ನಾನು ಮಾದಲಿ ಮಾಡಿದ್ದೆ. ಅದರ ವಿಧಾನ ಇನ್ನೊಮ್ಮೆ ಬರೆಯುತ್ತೇನೆ. ಹಳೆಯ ಕ್ರ್ಯಾಂಕನ್ನು ಬಿಚ್ಚುವಾಗ ಮಗಳು ಬಲಗಡೆಯ ಕಪ್ಪನ್ನು ಎಷ್ಟು ಜಗ್ಗಿದರೂ ಬರಲಿಲ್ಲ. ಬಲಗಡೆಯದು ಉಲ್ಟಾ ತಿರುಪು. ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು. ಕಾಕಾ ಹೇಳಿದ ಮೇಲೆ ಎರಡೇ ಜಗ್ಗಿಗೆ ಬಂತು.

ಡಬ್ಬಿಯ ಹಿಂತಟ್ಟೆ ಮೂರು ಕಿವಿಗಳಿಗೂ ಸಮನಾಗಿ ಕೂರಬೇಕು. ಒಂದು ಕಿವಿ ಹಿಂದಿದ್ದರೆ ಬೋಲ್ಟು ಬಿಗಿದಾಗ ತಟ್ಟೆ ವಾರೆಯಾಗಿ, ಒಳಗಿನ ಗಾಲಿಗಳು ಉಜ್ಜುತ್ತವೆ. ಅದನ್ನು ನೋಡುವುದು ಹೇಗೆ? ಕಾಕಾ ನನ್ನ ಕಡೆ ತಿರುಗಿ, "ಅಕ್ಕಾರ, ಒಂದಿಷ್ಟು ಕುಂಕುಮ ಎಣ್ಣ್ಯಾಗ ಕಲಿಸಿ ಕೊಡ್ರಿ" ಎಂದ. ಮೂರು ಕಿವಿಗೂ ತೆಳ್ಳಗೆ ಕುಂಕುಮ ಸವರಿ, ತಟ್ಟೆಯನ್ನು ಕೊಳವೆಯ ಬಾಯಿಗೆ ನೆಟ್ಟಗೆ ಹಿಡಿದು ಒತ್ತಿ ತೆಗೆದ. ತಟ್ಟೆಯ ಮೇಲೆ ಎರಡೇ ಕೆಂಪು ಗುರುತು. ಕೆಳಗಿನ ಕಿವಿ ತಾಗಿರಲಿಲ್ಲ. ಪೆಟ್ಟಿಗೆಯಲ್ಲಿದ್ದ ಕಾಗದದಂಥ ತೆಳು ವಾಷರು ಒಂದನ್ನು ಅಲ್ಲಿಟ್ಟು ಮತ್ತೆ ಒತ್ತಿದಾಗ ಮೂರೂ ಮೂಡಿದವು. ಸೈಕಲ್ಲಿಗೆ ಮುತ್ತೈದೆತನ ಬಂತೆಂದು ಮಗಳು ನಕ್ಕಳು.

ಚೈನಿನ ವಿಷಯದಲ್ಲಿ ಮಾತ್ರ ಕಾಕಾನೂ ಎಡವುತ್ತಿದ್ದ. ದೊಡ್ಡ ಚಕ್ರ ಹೋಗಿ ಸಣ್ಣದು ಬಂದದ್ದರಿಂದ ಚೈನು ಉದ್ದವಾಯಿತು, ಕೊಂಡಿ ತೆಗೆಯಬೇಕು. ಕಾಕಾ ಸೈಕಲ್ಲನ್ನು ತೂಗುಹಾಕಿ, ಲೆಕ್ಕ ಹಾಕಿ, ಕೊಂಡಿ ಕಡಿಯಲು ಹೊರಟ. ಅಲ್ಲಿಯವರೆಗೆ ಕಂಬಕ್ಕೆ ಒರಗಿ ನೋಡುತ್ತಿದ್ದ ಇವರು, "ಕಾಕಾ, ತಡೀರಿ. ಹಿಂದಿನ ಗಾಲಿ ಮ್ಯಾಲ ಹೋದಾಗ ಚೈನ್ ಎಷ್ಟ ಜಗ್ಗತೈತಿ ನೋಡೀರೇನು?" ಎಂದರು. ಮಗ್ಗದಲ್ಲಿ ಲಾಳಿ ಹೋಗಲು ಹಾಸಿನ ಎಳೆಗಳು ಮೇಲೆ ಕೆಳಗೆ ಬಾಯಿ ತೆರೆಯುತ್ತವಲ್ಲ, ಆಗ ಎಳೆ ಜಗ್ಗುತ್ತದೆ. ಬಾಯಿ ಮುಚ್ಚಿದಾಗಿನ ಬಿಗಿ ನೋಡಿ ಹಾಸು ಬಿಗಿದರೆ ತೆರೆದಾಗ ಹರಿಯುತ್ತದೆ. ನೇಕಾರನಿಗೆ ಅದು ಬೆರಳಲ್ಲೇ ಗೊತ್ತು. ಶಾಕಿನ ಗಾಳಿ ಬಿಟ್ಟು ಸೈಕಲ್ಲನ್ನು ತಳಕ್ಕೆ ಅದುಮಿ ನೋಡಿದೆವು. ಹಿಂದಿನ ಗಾಲಿ ಪೆಡಲಿನಿಂದ ಹೆಬ್ಬೆರಳಿನ ಅಗಲದಷ್ಟು ದೂರ ಸರಿದಿತ್ತು. ಕಾಕಾನ ಲೆಕ್ಕದಲ್ಲಿ ಕಡಿದಿದ್ದರೆ ಮೊದಲ ದೊಡ್ಡ ಕಲ್ಲಿಗೇ ಹಿಂದಿನ ಗೇರಿನ ತೋಳು ಕಿತ್ತು ಬರುತ್ತಿತ್ತು. ಎರಡು ಕೊಂಡಿ ಹೆಚ್ಚು ಉಳಿಸಿ ಜೋಡಿಸಿದರು. ಕಾಕಾ ಇವರಿಗೆ ಕೈ ಮುಗಿದ. ಇವರು ಏನೂ ಆಗದವರಂತೆ ಮತ್ತೆ ಕಂಬಕ್ಕೆ ಒರಗಿದರು. ಆದರೆ ಕಿವಿ ಕೆಂಪಾಗಿದ್ದು ನಾನು ನೋಡಿದೆ.

ಸಂಜೆ ಗುಡ್ಡದ ಕೋಟೆಯ ಬುಡದ ಏರಿಗೆ ಎಲ್ಲರೂ ಹೋದೆವು. ಮಗಳು ನೆಟ್ಟಗಿನ ಕಲ್ಲೇರಿನ ಅರ್ಧದಲ್ಲಿ, ಹಿಂದೆ ಚೈನು ಬೀಳುತ್ತಿದ್ದಂಥದೇ ಜಾಗದಲ್ಲಿ, ಪೂರಾ ಬಲ ಹಾಕಿ ತುಳಿಯುತ್ತಲೇ ಗುಂಡಿ ಒತ್ತಿದಳು. ಟಕ್ ಎಂದಿತು, ಅಷ್ಟೇ. ಹತ್ತಿ ಹೋದಳು. ಸಪಾಟಿನಲ್ಲಿ ವೇಗದ ಗೇರಿಗೆ ಹಾಕಿದರೆ ಒಳಗಿನಿಂದ ಗುಂಯ್ ಎಂಬ ಸಣ್ಣ ಸದ್ದು ಬರುತ್ತದೆ, ಕಾಲಿಗೆ ಸ್ವಲ್ಪ ಭಾರವೂ ಅನಿಸುತ್ತದಂತೆ. ಸೈಕಲ್ಲಿನ ತೂಕವೂ ಹೆಚ್ಚಿದೆ.

ನಿಮಗೆ ನಿಜ ಹೇಳಿಬಿಡಬೇಕು. ಈಗ ಹೊಸ ಸೈಕಲ್ ಕೊಳ್ಳುವವರಿಗೆ ಈ ಉಸಾಬರಿಯೇ ಬೇಕಾಗಿಲ್ಲ. 2012ರಿಂದೀಚೆಗೆ ಮುಂದೆ ಒಂದೇ ಚಕ್ರ, ಹಿಂದೆ ಹನ್ನೊಂದು, ಆಮೇಲೆ ಹನ್ನೆರಡು ಹಲ್ಲುಚಕ್ರಗಳಿರುವ ಸೈಕಲ್ಲುಗಳು ಬಂದಿವೆ. ಹಿಂದಿನ ದೊಡ್ಡ ಚಕ್ರಕ್ಕೆ 52 ಹಲ್ಲುಗಳವರೆಗೆ, ಊಟದ ತಾಟಿನಷ್ಟು ಅಗಲ. ಅವು ಬಂದ ಮೇಲೆ ಇಂಥ ಡಬ್ಬಿಗಳನ್ನು ಕೇಳುವವರು ಕಡಿಮೆಯಾದರು. ಅದನ್ನೇ ಇವಳ ಸೈಕಲ್ಲಿಗೆ ಹಾಕಿಸಬಹುದಿತ್ತಲ್ಲ ಎಂದರೆ, ಹಿಂದಿನ ಗಾಲಿಯ ಗುಂಬ, ಗೇರು, ಗುಂಡಿ, ಚೈನು ಎಲ್ಲ ಹೊಸದು ಬೇಕಿತ್ತು. ಡಬ್ಬಿ ಆಗಲೇ ಮನೆಗೆ ಬಂದಾಗಿತ್ತು. ಮೊದಲೇ ವಿಚಾರಿಸಿದ್ದರೆ ಯಾವುದು ಲಾಭವಾಗುತ್ತಿತ್ತೋ, ಆ ಲೆಕ್ಕವನ್ನು ನಾನು ಈಗ ಹಾಕಲು ಹೋಗಿಲ್ಲ.

ಅಂದ ಹಾಗೆ ನೋಡಲು ಬಂದವರ ವಿಷಯ. ಬಂದರು, ಕಾಲಿನ ಗಾಯ ಕಂಡರು, ಸೈಕಲ್ ಬಿಡಿಸುತ್ತೀರಾ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಇವರು "ಇಲ್ಲ" ಎಂದರು. ಅವರು ಚಹಾ ಕುಡಿದು ಹೋದರು.

ಈಗ ಮಗಳು ವಾರಕ್ಕೆ ಮೂರು ದಿನ ಬೆಳಕು ಹರಿಯುವ ಮುನ್ನ ಗುಡ್ಡದ ಹಾದಿ ಹಿಡಿಯುತ್ತಾಳೆ. ರಾಜ್ಯದ ಆಯ್ಕೆಗೆ ಹೋಗಬೇಕೆಂದು ತಯಾರಿ ನಡೆದಿದೆ. ಅವಳು ಹೋದ ಮೇಲೆ ನನಗೆ ನಿದ್ದೆ ಬರುವುದಿಲ್ಲ, ಅದು ಬೇರೆ ಮಾತು. ಆ ಮೂರು ಕಿವಿಯ ಬೋಲ್ಟುಗಳು ಅದಿರಾಟಕ್ಕೆ ಸಡಿಲಾಗಬಾರದು, ಆಗಾಗ ನೋಡಬೇಕೆಂದು ಕಾಕಾ ಹೇಳಿದ್ದ. ಕಣ್ಣಿಗೆ ಕಾಣುವುದು ಹೇಗೆ? ಮಗಳ ಉಗುರು ಬಣ್ಣದ ಶೀಶೆ ತೆಗೆದುಕೊಂಡು ಪ್ರತಿ ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಒಂದು ಗೆರೆ ಎಳೆದಿದ್ದೇನೆ. ಬೋಲ್ಟು ತಿರುಗಿದರೆ ಗೆರೆ ಮುರಿಯುತ್ತದೆ. ಭಾನುವಾರ ಒರೆಸುವಾಗ ನೋಡುತ್ತೇನೆ. ಕಳೆದ ವಾರ ಕೆಳಗಿನ ಕಿವಿಯ ಗೆರೆ ಕೂದಲೆಳೆಯಷ್ಟು ಸರಿದಿತ್ತು. ಪಾನಾ ಈಗ ನಮ್ಮ ಮನೆಯಲ್ಲೇ ಇದೆ. ಬಿಗಿದು, ಹಳೆಯ ಗೆರೆ ಅಳಿಸಿ, ಹೊಸದು ಎಳೆದಿದ್ದೇನೆ.